ಒಂದಿಂಚೂ ದಂಡವಾಗದ ತಂತ್ರಾಂಶ

ನನ್ನ ಮಾನ ಒಂದೇ ಸಲ ಹೋಗುವುದಿಲ್ಲ, ಕಂತಿನ ಮೇಲೆ ಹೋಗುತ್ತದೆ. ಉಕ್ಕಿನ ತಗಡಿನ ಮೇಲೆ ಬಿಡಿಭಾಗಗಳನ್ನು ಹೇಗೆ ಜೋಡಿಸಿ ಕತ್ತರಿಸಿದರೆ ಚೂರು ಕಡಿಮೆ ಉಳಿಯುತ್ತದೆ ಎಂದು ಹೇಳುವ ತಂತ್ರಾಂಶವನ್ನು ಚೆನ್ನೈಯಲ್ಲಿ ಮೊದಮೊದಲು ಬರೆದವರಲ್ಲಿ ನಾನೂ ಒಬ್ಬ. ಜನ 'ಪ್ರವರ್ತಕ' ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಈ ಸಂಗತಿಗಳು ನೆನಪಾಗಿ ತಲೆ ತಗ್ಗಿಸುತ್ತೇನೆ.

೧. ಬೆಂಕಿಯ ಪಾಲು

ತಿರುವೊಟ್ಟಿಯೂರಿನ ಕಾರ್ಖಾನೆಯೊಂದರಲ್ಲಿ ಮೊದಲ ಪ್ರಯೋಗ. ಪರದೆಯ ಮೇಲೆ ಭಾಗಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದ ಚೆಂದಕ್ಕೆ ನಾನೇ ನನಗೆ ಶಭಾಷ್ ಹೇಳಿಕೊಂಡೆ. ಕತ್ತರಿಸಿ ಅಳೆದರೆ ಒಂದೊಂದೂ ಗಾತ್ರದಲ್ಲಿ ಕಡಿಮೆ! ಕತ್ತರಿಸುವ ಜ್ವಾಲೆ ಹಾದಲ್ಲೆಲ್ಲ ಉಕ್ಕು ಕರಗಿಹೋಗುತ್ತದೆ ಎಂಬುದು ಎರಡು ಡಿಗ್ರಿಯ ನನಗೆ ಹೊಳೆದೇ ಇರಲಿಲ್ಲ. ಹೊಸೂರು ಕಡೆಯ ಫೋರ್‌ಮನ್ ಮಗುವಿಗೆ ಹೇಳುವ ಹಾಗೆ ಹೇಳಿದರು: "ನೆರುಪ್ಪು ಕೂಡ ಸಾಪ್ಪಿಡುಂ ಸಾರ್. ಬೆಂಕಿಗೂ ಊಟ ಬೇಕು. ನೀವು ಅದಕ್ಕೆ ಎಲೆನೇ ಹಾಕಿಲ್ವಲ್ಲ!"

೨. ಸಟ್ಟುಗ

ತಪ್ಪು ತಿದ್ದಿದೆ. ಚೂರು ಉಳಿಯುವುದೇ ನಿಂತಿತು. ಮ್ಯಾನೇಜರು ಬೆನ್ನು ತಟ್ಟಿದರು. ಕ್ಯಾಂಟೀನಿನ ಉಡುಪಿ ಕಡೆಯ ಭಟ್ಟರು ಮಾತ್ರ ದೋಸೆ ಹಾಕುವುದನ್ನೇ ಬಿಟ್ಟರು. ಯಾಕೆಂದು ಕೇಳಿದೆ.

"ಎಂತ ಹಾಕುದು ಮಾರಾಯ್ರೆ? ಉಳಿದ ಚೂರಲ್ಲಿ ಸಟ್ಟುಗ ಮಾಡಿ ಕೊಡ್ತಿದ್ರು. ಹಳೆದು ಮುರಿದೋಯ್ತು, ಈಗ ಚೂರೂ ಇಲ್ಲ. ಇನ್ನು ಕೈಯಲ್ಲೇ ಮಗುಚುದಾ?"

೩. ರವಿಕೆ

ಕಳೆದ ತಿಂಗಳು ಇಲ್ಲಿನ ಒಂದು ಕನ್ನಡ ಸಂಘದವರು ನಮ್ಮ ದಂಪತಿಗೆ ಸನ್ಮಾನ ಇಟ್ಟುಕೊಂಡರು. ಇಷ್ಟು ವರ್ಷ ನನ್ನ ಹುಚ್ಚನ್ನು ಸಹಿಸಿಕೊಂಡ ಹೆಂಡತಿ ಮೊದಲ ಸಲ ವೇದಿಕೆ ಹತ್ತುವವಳಿದ್ದಳು. ಸಂಭ್ರಮದಿಂದ ಟಿ. ನಗರಕ್ಕೆ ಹೋಗಿ ನವಿಲಿನ ಚಿತ್ತಾರದ ರೇಷ್ಮೆ ಸೀರೆ ತಂದಳು. ಅದರ ರವಿಕೆ ಬಟ್ಟೆಯಲ್ಲಿ ಮೊಣಕೈವರೆಗೆ ತೋಳು ಬರುವುದಿಲ್ಲ ಎಂದರು ವಡಪಳನಿಯ ಟೈಲರ್.

ನಾನಿರುವಾಗ ಬರುವುದಿಲ್ಲವೆ? ಅಳತೆಗಳನ್ನು ನನ್ನ ತಂತ್ರಾಂಶಕ್ಕೆ ಕೊಟ್ಟೆ. ಅದು ತುಂಡುಗಳನ್ನು ಹೇಗೆ ಹೇಗೋ ತಿರುಗಿಸಿ, ಉದ್ದ ತೋಳನ್ನೂ ಕೂರಿಸಿತು. ನಕ್ಷೆ ಒಯ್ದು ಕೊಟ್ಟೆ. ಟೈಲರ್ ಕಾಗದ ನೋಡಿದರು, ನನ್ನನ್ನು ನೋಡಿದರು. "ಕೈಯೆಳುತ್ತು ಪೋಡುಂಗ ಸಾರ್," ಎಂದು ಪೆನ್ನು ಮುಂದೆ ಹಿಡಿದರು. ಹೆಮ್ಮೆಯಿಂದ ಸಹಿ ಹಾಕಿದೆ.

ಕಾರ್ಯಕ್ರಮದ ಬೆಳಿಗ್ಗೆ ರವಿಕೆ ಬಂತು. ಮಗಳು ಕಿರುಚಿದಳು: "ಅಪ್ಪಾ, ಮಯಿಲ್ ತಲೈಕೀಳಾ ನಿಕ್ಕುದು!" ಬೆನ್ನಿನ ತುಂಬ ನವಿಲುಗಳು ಶೀರ್ಷಾಸನ ಹಾಕಿದ್ದವು. ತೋಳಿನವು ಅಡ್ಡ ಮಲಗಿದ್ದವು. ಉಕ್ಕಿನ ತಗಡಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ನವಿಲಿಗಿದೆ. ಹೆಂಡತಿ ಅದನ್ನೇ ತೊಟ್ಟು ಸೆರಗು ಹೊದ್ದುಕೊಂಡಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ವೇದಿಕೆಯಲ್ಲಿ ಅಧ್ಯಕ್ಷರು ಮೈಕು ಕೊಟ್ಟು, "ನಿಮ್ಮ ತಂತ್ರಾಂಶ ಒಂದಿಂಚೂ ದಂಡ ಮಾಡುವುದಿಲ್ಲವಂತೆ. ನಮಗೆಲ್ಲ ತಿಳಿಯುವ ಹಾಗೆ ಹೇಳಿ ಸಾರ್," ಎಂದರು. ನಾನು ಉಕ್ಕಿನ ತಗಡಿನ ಲೆಕ್ಕ ಶುರು ಮಾಡಿದೆ.

"ಇರಿ, ನಾನ್ ತೋರಿಸ್ತೀನಿ," ಎಂದು ಹೆಂಡತಿ ಮೈಕು ಕಿತ್ತುಕೊಂಡಳು. ಸಭೆಗೆ ಬೆನ್ನು ತಿರುಗಿಸಿ ಸೆರಗು ಸರಿಸಿದಳು.

"ನೋಡಿ, ಬಟ್ಟೆ ಒಂದಿಂಚೂ ದಂಡ ಆಗಿಲ್ಲ. ರವಿಕೆ ಮಾತ್ರ ಪೂರ್ತಿ ದಂಡ!"

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ನನಗೆಂದು ಬಿಡಿಸಿ ಹಿಡಿದಿದ್ದ ಶಾಲನ್ನು ಗಡಿಬಿಡಿಯಲ್ಲಿ ಅವಳ ಬೆನ್ನಿಗೆ ಹೊದಿಸಿಬಿಟ್ಟರು.