ಬಸ್ಸಿನ ಮೆಟ್ಟಿಲ ಮ್ಯಾಲೆ ಒಂದು ಕಾಲು

ಪುಣೆದಾಗ ನಮ್ಮದೊಂದು ಕನ್ನಡ ಓದುಗರ ಬಳಗ ಅದ. ಏನಾರ ಒಂದು ಫಜೀತಿ ಆಗದ ನಮ್ಮ ಸಭಾ ಮುಗದದ್ದು ನನಗ ನೆನಪಿಲ್ಲ. ನಾ ಕಾರ್ಯದರ್ಶಿ, ಹಂಗಾಗಿ ಎಲ್ಲಾ ಫಜೀತಿಗೂ ನಾನೇ ಸಾಕ್ಷಿ. ಈ ಸಲದ್ದಕ್ಕ ಮಾತ್ರ ಆರೋಪಿನೂ ನಾನೇ.

೧. ಇದ್ದದ್ದು ಒಂದೇ ಪ್ರತಿ

ನಾವು ಕೂಡೋದು ಶಿವಾಜಿನಗರದಾಗ, ಉಡುಪಿ ಕಡೆಯವರ ಹೋಟೆಲಿನ ಮ್ಯಾಲಿನ ಖೋಲಿಯೊಳಗ. ನಮಗೆಲ್ಲಾ ಒಬ್ಬ ಕಾದಂಬರಿಕಾರರ ಹುಚ್ಚು. ನವ್ಯದವರು, ಈಗ ಎಂಬತ್ತು ದಾಟ್ಯಾರ. ಅವರ ಮೊದಲನೇ ಕಾದಂಬರಿದು ಒಂದೇ ಪ್ರತಿ ನಮ್ಮ ಹತ್ರ ಇತ್ತು, ಅದೇ ಹದಿನೈದು ವರ್ಷ ಮನಿಮನಿ ತಿರಗೇದ. ಅದರ ನಾಯಕ ಊರು ಬಿಡಲೋ ಬ್ಯಾಡೋ ಅಂತ ಇನ್ನೂರು ಪುಟ ಒದ್ದಾಡಿ, ಬಸ್ಸಿನ ಮೆಟ್ಟಿಲ ಮ್ಯಾಲೆ ಒಂದು ಕಾಲಿಡ್ತಾನ. ಅಲ್ಲಿಗೆ ಖಲಾಸ್. ಪೂರ್ಣವಿರಾಮಾನೂ ಇಲ್ಲ.

ನಮ್ಮ ಅಧ್ಯಕ್ಷರು, ರಿಟೈರ್ ಆದ ಕನ್ನಡ ಮಾಸ್ತರು, ಆ ಇಲ್ಲದ ಪೂರ್ಣವಿರಾಮದ ಮ್ಯಾಲೆ ವರ್ಷಾ ಒಂದು ತಾಸು ಭಾಷಣ ಮಾಡೋರು. ನಾವು ಕಣ್ಣು ಒರಸಿಕೊಳ್ಳೋರು. ಹೋಟೆಲ್ ಮಾಲಕರು ಮಾತ್ರ ಕಪ್ಪು ಎತ್ತಕೋತ ವರ್ಷಾ ಒಂದೇ ಪ್ರಶ್ನೆ ಕೇಳೋರು: "ಅಲ್ಲ ಮಾರಾಯ್ರೆ, ಅವ ಬಸ್ ಹತ್ತಿದ್ನಾ ಇಲ್ವಾ?"

ಇಂಥಾ ಪ್ರಶ್ನೆ ಕೇಳೋರಿಗೆ ನವ್ಯ ತಿಳಿಯೂದಿಲ್ಲ ಅಂತ ಬೈದು, ಅಧ್ಯಕ್ಷರು ಅವರ ಕಡೆಯಿಂದನೇ ಎರಡನೇ ಚಹಾ ತರಿಸೋರು.

೨. ಮಗರಪಟ್ಟಾದ ಹುಡುಗಿ

ಈ ವರ್ಷ ಆ ಕಾದಂಬರಿಕಾರರನ್ನೇ ಕರಸೋಣ ಅಂತ ನಮಗ ಹುಕಿ ಬಂತು. ಅವರು ಬರ್ತೀನಿ ಅಂದೇಬಿಟ್ರು. ಅಧ್ಯಕ್ಷರು ಹೊಸಾ ಕೋಟು ಹೊಲಿಸಿದ್ರು. ಭಾಷಣದ ವಿಷಯ ಬ್ಯಾರೆ ಯಾವುದು ಇರಲಿಕ್ಕೆ ಸಾಧ್ಯ, ಆ ಕಾದಂಬರಿಯ ಕೊನೆ!

ಒಂದು ವಾರ ಮೊದಲು ಖೋಲಿಯೊಳಗ ಅದರ ತಾಲೀಮು ಆತು. ಮಗರಪಟ್ಟಾದ ಐಟಿ ಕಂಪನಿಯೊಳಗಿರೋ ಮೈಸೂರು ಕಡೆ ಹುಡುಗಿಯೊಬ್ಬಾಕಿ ಹೊಸದಾಗಿ ಸೇರಿದ್ಲು. ನಮ್ಮೊಳಗ ಯಾರಿಗೂ ಹೊಳೀದ ಕೆಲಸ ಅಕಿ ಮಾಡಿದ್ಲು, ಸ್ವಂತ ಪುಸ್ತಕ ತರಿಸಿದ್ಲು. ಭಾಷಣ ಪೂರ್ತಿ ಕೇಳಿ ಮೆಲ್ಲಗ ಕೈ ಎತ್ತಿದ್ಲು.

"ಸರ್, ಸೂಪರ್ ಆಗಿತ್ತು. ಆದ್ರೆ ನನ್ ಬುಕ್ಕಲ್ಲಿ ಇದಾದ್ಮೇಲೆ ಇನ್ನೂ ಹದಿನಾರು ಪೇಜ್ ಇದೆ."

೩. ರಟ್ಟು ಹಾಕಿಸಿದಾಕಿ

ಹದಿನೈದು ವರ್ಷದ ಹಿಂದ ಆ ಪುಸ್ತಕದ ಹೊಲಿಗಿ ಬಿಚ್ಚಿತ್ತು. ಮಾರ್ಕೆಟ್ ಯಾರ್ಡಿನ ಕಡೆ ಬೈಂಡರ್ ಒಬ್ಬನ ಹತ್ರ ಒಯ್ದು ರಟ್ಟು ಹಾಕಿಸಿದಾಕಿ ನಾನೇ. ಎಷ್ಟು ಘಟ್ಟಿ ಕಟ್ಯಾನ ನೋಡ್ರಿ ಅಂತ ಎಲ್ಲಾರ ಮುಂದ ಮೆರದಿದ್ದೆ. ಕೊನೀ ಹಾಳಿ ಎಲ್ಲಿ ಹೋದವು ಅಂತ ನನ್ನ ಕೇಳಬ್ಯಾಡ್ರಿ. ಸ್ಕೂಟರ್ ಮ್ಯಾಲೆ ಒಯ್ದಿದ್ದೆ, ಗಾಳಿ ಭಾಳ ಇತ್ತು.

ಅಧ್ಯಕ್ಷರು ಸಿಟ್ಟಾಗಲಿಲ್ಲ. ಹುಡುಗಿಯ ಪುಸ್ತಕ ಇಸಗೊಂಡು, ಚಹಾ ಕುಡೀದ ಎದ್ದು ಹೋದ್ರು. ಅದು ನನಗ ಭಾಳ ಚುಚ್ಚಿತು. ಮರುದಿನ ಅವರ ಮನಿಗೆ ಹೋಗಿ, ವಿಷಯ ಬದಲಿ ಮಾಡ್ರಿ, ತಪ್ಪೆಲ್ಲಾ ನನ್ನದು ಅಂತ ಕೈ ಮುಗದೆ. ಹದಿನಾರು ಪುಟಾನೂ ಓದಿದ್ರೇನ್ರಿ ಅಂತನೂ ಕೇಳಿದೆ.

"ಓದಿದೆ," ಅಂದ್ರು. ಅತ್ತಿತ್ತ ನೋಡಿ ದನಿ ಇಳಿಸಿದ್ರು. "ನಮ್ಮದೇ ಛಲೋ ಅದ ರೀ."

೪. ಕಡೀಕ ಆದದ್ದು

ಸಭಾಗೃಹ ತುಂಬಿತ್ತು. ಕಾದಂಬರಿಕಾರರು ಮುಂದಿನ ಸಾಲಿನಾಗ. ಅಧ್ಯಕ್ಷರು ಎದ್ದು ನಿಂತು ಗಾಳಿ, ಸ್ಕೂಟರ್, ರಟ್ಟು ಎಲ್ಲಾ ಒಪ್ಪಿಕೊಂಡುಬಿಟ್ರು. ಆಮ್ಯಾಲೆ ಅದೇ ಹಳೇ ಭಾಷಣ ಒಂದಕ್ಷರ ಬಿಡದ ಮಾಡಿದ್ರು. ನಾ ಹಿಂದ ಕುರ್ಚಿ ಹಿಡಕೊಂಡು ನಿಂತಿದ್ದೆ.

ಕಾದಂಬರಿಕಾರರು ನಮ್ಮ ಪ್ರತಿ ತರಿಸಿಕೊಂಡು ಕೊನೀ ಪುಟ ಎರಡು ಸಲ ಓದಿದ್ರು. ಮೈಕ್ ಹಿಡದ್ರು.

"ಮುಗಿಸೋದು ಹೇಗೆ ಅಂತ ತಿಳಿಯದೆ ಆ ಹದಿನಾರು ಪುಟ ಬರೆದೆ. ನನಗೆ ಬೇಕಾಗಿದ್ದ ಸಂಪಾದಕ ನಿಮ್ಮೂರಿನ ಗಾಳಿಯಲ್ಲಿದ್ದ."

ಮಂದಿ ಎದ್ದು ನಿಂತು ಚಪ್ಪಾಳೆ ಹೊಡದ್ರು. ಹುಡುಗಿ ತನ್ನ ಪುಸ್ತಕಕ್ಕ ಸಹಿ ಕೇಳಿದ್ರ ಅವರು ಮೊದಲನೇ ಪುಟ ಬಿಟ್ಟು, ಆ ಮೆಟ್ಟಿಲಿನ ಸಾಲಿನ ಕೆಳಗ 'ಇಲ್ಲಿಗೆ ಮುಗಿಯಿತು' ಅಂತ ಬರದು ಸಹಿ ಮಾಡಿದ್ರು. ಅಧ್ಯಕ್ಷರು ಹೊಸಾ ಕೋಟಿನ ತೋಳಿಗೇ ಕಣ್ಣು ಒರಸಿಕೊಂಡ್ರು. ನನಗೂ ತಡೀಲಿಲ್ಲ.

ಅಷ್ಟರಾಗ ಹೋಟೆಲ್ ಮಾಲಕರು ಮಂದಿ ಸರಿಸಿಕೋತ ಬಂದು, ಬರದವರನ್ನೇ ಹಿಡದು ತಮ್ಮ ಪ್ರಶ್ನೆ ಕೇಳಿಬಿಟ್ರು. ನಾವು ತಲಿ ಹಿಡಕೊಂಡ್ವಿ. ಕಾದಂಬರಿಕಾರರು ಅಧ್ಯಕ್ಷರ ಕಡೆ ಒಮ್ಮೆ ನೋಡಿ, ಮಾಲಕರ ಕಿವಿಯೊಳಗ ಏನೋ ಹೇಳಿದ್ರು.

ಮಾಲಕರ ಹೋಟೆಲಿನಾಗ ಊಟಕ್ಕ ಕೂತಾಗ ನಾವು ಹೇಳದ ಹೋಳಿಗಿ ಎಲ್ಲಾರ ಎಲಿಗೂ ಬಿತ್ತು. ಇದು ಯಾವ ಖುಷಿಗೆ ಅಂತ ಅಧ್ಯಕ್ಷರು ಕೇಳಿದ್ರ, ಮಾಲಕರು ತುಪ್ಪ ಬಡಸಕೋತ ಅಂದ್ರು:

"ಹತ್ತಿದನಂತೆ ಮಾರಾಯ್ರೆ. ಕಿಟಕಿ ಹತ್ರ ಸೀಟೂ ಸಿಕ್ಕಿತಂತೆ."