ನಮ್ಮ ವೆಬ್‌ಸೈಟಿಗೆ ಬಂದ ಗೂಢಚಾರ

ಇದನ್ನು ನೀವು ನಂಬುವುದಿಲ್ಲ. ಎಲ್ಲವನ್ನೂ ಕಣ್ಣಾರೆ ಕಂಡ ನನ್ನ ಗೆಳೆಯ ಸಲೀಮನೇ ಇನ್ನೂ ನಂಬಿಲ್ಲ.

ಇಳಕಲ್ಲಿನಲ್ಲಿ ನಮ್ಮದು ಸೀರೆ ಅಂಗಡಿ. ಪಿಯುಸಿ ಪರೀಕ್ಷೆ ಮುಗಿದ ಮರುದಿನವೇ ನಾನು ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಅಪ್ಪ ಅದನ್ನು ಖೋಟಾ ನೋಟು ನೋಡುವಂತೆ ನೋಡಿದರು.

"ಈ ಲಗ್ನದ ಸೀಜನ್ ಮುಗಿಯೂದ್ರಾಗ ಇದರಿಂದ ಒಬ್ರರೆ ಗಿರಾಕಿ ಬರ್ಬೇಕು. ಇಲ್ಲಂದ್ರ ನಿನ್ನ ಫೋನ್ ನನ್ನ ಕಪಾಟಿಗೆ, ನೀ ಸೀರಿ ಮಡಚಾಕ."

ಒಬ್ಬರೇಕೆ, ಬಾಗಲಕೋಟೆಯಿಂದ ಬಸ್ಸು ಮಾಡಿಕೊಂಡು ಬರುತ್ತಾರೆ ಎಂದುಕೊಂಡೆ. ಸೆರಗಿನ ಒಂದೊಂದು ಎಳೆಯೂ ಕಾಣಲೆಂದು ಫೋಟೋಗಳನ್ನು ಗೋಡೆಯಷ್ಟು ದೊಡ್ಡದಾಗಿ ಹಾಕಿದೆ. ಬೆಲೆಯನ್ನು ಎಲ್ಲಕ್ಕಿಂತ ಕೆಳಗೆ ಬಚ್ಚಿಟ್ಟೆ. ನಮ್ಮ ಅಂಗಡಿಯ ಪದ್ಧತಿಯೇ ಅದು. ಗಾದಿಯ ಮೇಲೆ ಕೂರಿಸಿ, ಚಹಾ ಕುಡಿಸಿ, ಅರ್ಧ ಅಂಗಡಿ ಬಿಚ್ಚಿ ಹರವಿದ ಮೇಲೆಯೇ ಅಪ್ಪ ಬೆಲೆ ಹೇಳುವುದು.

ಸಲೀಮ ತನ್ನ ಫೋನಿನಲ್ಲಿ ಪುಟ ತೆರೆದ. ಚಹಾ ತರಿಸಿದೆವು. ಕುಡಿದೆವು. ಸೀರೆಯ ಅಂಚು ಮಾತ್ರ ಬಂದಿತ್ತು.

"ಲೇ, ಅಂಗಡ್ಯಾಗ ಚಾ ಕೊಡ್ತಾರಂತ ಮಂದಿ ಕುಂದರ್ತಾರ. ಇಲ್ಲಿ ಯಾಕ ಕುಂದರ್ತಾರ? ತೆರಿಯೂದು ತಡಾ ಆದ್ರ ಹೊಳ್ಳಿ ಹೋಗ್ತಾರ. ಮಂದಿ ಹೊಳ್ಳಿ ಹೋಗೂ ಪುಟ, ನೆಟ್ಟಿನ್ಯಾಗ ಹುಡುಕಿದಾಗ ಮ್ಯಾಲೆ ಹೆಂಗ ಬರತೈತಿ?"

ಖರೆ. "ಇಳಕಲ್ ಸೀರೆ" ಎಂದು ಹುಡುಕಿದರೆ ನಾವಿದ್ದಲ್ಲಿಗೆ ಮುಟ್ಟುವಷ್ಟರಲ್ಲಿ ಹೆಬ್ಬೆರಳು ಸವೆಯುತ್ತಿತ್ತು. ಆದರೂ ಸೋಲೊಪ್ಪದೆ, ಸೈಟಿಗೆ ಬಂದವರ ಲೆಕ್ಕ ತೆರೆದು ತೋರಿಸಿದೆ. "ಇಲ್ನೋಡು. ಹುನಗುಂದದಿಂದ ಯಾರೋ ದಿನಾ ಮಧ್ಯಾಹ್ನ ಬಂದು ಅರ್ಧ ತಾಸು ಇರ್ತಾರ."

ಸಲೀಮ ಹುಬ್ಬೇರಿಸಿದ. "ಅರ್ಧ ತಾಸು? ನಿಮ್ಮ ಸ್ವಂತ ಅಕ್ಕಾನೂ ಇದರಾಗ ಅರ್ಧ ನಿಮಿಷ ಇರಂಗಿಲ್ಲ. ಇಂವ ಗಿರಾಕಿ ಅಲ್ಲೋ."

ನನ್ನ ನಿದ್ದೆ ಹಾರಿತು. ಎದುರಿನ ಸೀರೆ ಅಂಗಡಿಯವರ ಅಳಿಯ ಹುನಗುಂದದವನೇ. ನಮ್ಮ ಸೆರಗಿನ ಡಿಸೈನ್ ಕದಿಯುತ್ತಿದ್ದಾನೆ! ಸಂಜೆಯೆಲ್ಲ ಅವರ ಅಂಗಡಿಯ ಮುಂದೆ ಸೈಕಲ್ ಚೈನು ಸರಿಮಾಡುವವನಂತೆ ಕುಳಿತು ಕಾವಲು ಕಾದೆ. ಅವರು ಪಾಪ ಎಂದು ನೀರು ಕೊಟ್ಟರು. ಸಂಶಯ ಇನ್ನೂ ಗಟ್ಟಿಯಾಯಿತು.

ಕೊನೆಗೆ ಬಲೆ ಬೀಸಿದೆ. ನಮ್ಮ ಅತಿ ದುಬಾರಿ ರೇಷ್ಮೆ ಸೀರೆಗೆ ಟವೆಲಿನ ಬೆಲೆ ಬರೆದೆ. ಕಳ್ಳ ಅದನ್ನು ನಂಬಿ ತಾನೂ ಬೆಲೆ ಇಳಿಸಲಿ, ಮುಳುಗಲಿ.

ಎರಡು ದಿನ ಬಿಟ್ಟು ಅಂಗಡಿಯ ಒಳಕೋಣೆಯಲ್ಲಿ ಸಲೀಮನಿಗೆ ನನ್ನ ಚಾಣಾಕ್ಷತನವನ್ನು ವಿವರಿಸುತ್ತಿದ್ದಾಗ ಅಪ್ಪ ಬಂದರು. ಅವರ ಹಿಂದೆ ಒಬ್ಬ ಅಜ್ಜಿ, ಕೈಯಲ್ಲಿ ಗಾಜು ಒಡೆದ ಹಳೆಯ ಫೋನು.

"ನಾ ಹುನಗುಂದದಾಕಿ ಅದೀನ್ರಿ. ಮೊಮ್ಮಗಳ ಲಗ್ನ ಐತಿ. ದಿನಾ ಊಟ ಮಾಡಿ ಫೋನಿನ್ಯಾಗ ನಿಮ್ಮ ಸೀರಿ ತೆರದು ಇಡತಿದ್ನಿ. ಒಂದೊಂದ ಫೋಟೋ ಬರೂದ್ರಾಗ ನಿದ್ದಿ ಹತ್ತತಿತ್ತು. ನಿನ್ನಿ ಕಡೀತನಕಾ ಬಂತು ನೋಡ್ರಿ, ರೇಟೂ ಕಂಡ್ತು."

ಅಪ್ಪ ಆ ಬೆಲೆ ಓದಿದರು. ನನ್ನನ್ನು ನೋಡಿದರು. ಇನ್ನೊಮ್ಮೆ ಓದಿದರು.

"ಅಂಗಡಿ ಹೆಸರಿನ್ಯಾಗ ಬರದದ್ದು. ಅದ ರೇಟಿಗೆ ಕೊಡ್ತೇವ್ರಿ ಅವ್ವಾರ" ಎಂದು ತಾವೇ ಸೀರೆ ಕಟ್ಟಿಕೊಟ್ಟು ಕಳಿಸಿದರು.

"ಗಿರಾಕಿ ಬಂದ್ರಲ್ಲ ಅಪ್ಪಾ" ಎಂದು ಮೆಲ್ಲಗೆ ಹೇಳಿ ನೋಡಿದೆ.

ಅಪ್ಪ ಕೈ ಚಾಚಿದರು. "ಹೌದು. ಇನ್ನೊಬ್ರು ಬರೂಕಿಂತ ಮೊದಲ ನಿನ್ನ ಫೋನ್ ಇಲ್ಲಿ ತಾ."