ಅತ್ತೆಯನ್ನು ನುಂಗಿದ ದಿಬ್ಬ

ವಾಲ್ವಿಸ್ ಬೇ ಬಂದರಿನಲ್ಲಿ ಉಪ್ಪಿನ ಲಾರಿ ಓಡಿಸುವ ನನಗೆ ಮರಳು ಯಾವ ಲೆಕ್ಕ? ಉಪ್ಪನ್ನು ಪಳಗಿಸಿದವನ ಮುಂದೆ ಮರಳು ಬಾಲ ಮುದುರಿಕೊಂಡು ಬರಬೇಕು. ಹೀಗೆಂದುಕೊಂಡೇ ನಾನು ಊಟದ ಹೊತ್ತಿನಲ್ಲಿ ಘೋಷಿಸಿಬಿಟ್ಟೆ.

"ಈ ರಜಕ್ಕೆ ಮರಳುಗಾಡಲ್ಲೇ ಡೇರೆ. ದಾರಿ ತೋರಿಸೋರು ಬೇಡ, ಬುದ್ಧಿ ಹೇಳೋರೂ ಬೇಡ. ಎಲ್ಲರನ್ನೂ ಕರ್ಕೊಂಡು ಹೋಗಿಬರೋದು ಈ ಹಿಸ್ಕಿಯಾನ ಜವಾಬ್ದಾರಿ."

"ಹೋಗೋದು ಸರಿ. ಬರೋದು?" ಎಂದಳು ಹೆಂಡತಿ ಲುಕ್ರೇಷಿಯಾ.

ಮೂಲೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯಿಂದ ಅತ್ತೆ ಫ್ರೆಡೆರಿಕಾ ತಲೆಯೆತ್ತಿದರು. ಕುಯಿಸೆಬ್ ನದಿಯ ದಂಡೆಯಲ್ಲಿ ಆಡು ಕಾಯುತ್ತ ಬೆಳೆದವರು. ಮಾವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದರು. ಬರುವಾಗ ಮಾತನ್ನು ಅಲ್ಲೇ ಮರೆತು ಬಂದಂತಿತ್ತು. ದಿನವೆಲ್ಲ ಕಿಟಕಿ, ನಡುನಡುವೆ ಕಾಫಿ.

"ನಾನೂ ಬರ್ತೀನಿ," ಎಂದರು.

"ಅತ್ತೆ, ಅಲ್ಲಿ ಕುರ್ಚಿ ಇರಲ್ಲ."

"ನಾನು ಹುಟ್ಟಿದಾಗಲೂ ಇರಲಿಲ್ಲ."

ಹೊರಟೆವು. ಟಾರು ರಸ್ತೆ ಮುಗಿದಾಗ ಲುಕ್ರೇಷಿಯಾ, "ಟಯರಿನ ಗಾಳಿ ಸ್ವಲ್ಪ ಇಳಿಸು, ಮರಳಲ್ಲಿ ಹೂತುಕೊಳ್ಳಲ್ಲ," ಎಂದಳು. ಇಳಿಸಿದರೆ ನನ್ನ ಮರ್ಯಾದೆಯೂ ಇಳಿಯುತ್ತಿತ್ತಲ್ಲ. ಹಾಗೇ ನುಗ್ಗಿಸಿದೆ. ಎದುರಿಗೆ ಬೆಟ್ಟದಂಥ ಕೆಂಪು ದಿಬ್ಬ ಕಂಡಾಗ ನಮ್ಮ ಪಿಕಪ್ ಗಾಡಿ ಹೊಟ್ಟೆಯವರೆಗೂ ಹೂತುಹೋಗಿತ್ತು.

"ಇದೇ ಜಾಗ. ಇಲ್ಲೇ ಡೇರೆ ಹಾಕಬೇಕು ಅಂತ ಮೊದಲೇ ಯೋಚಿಸಿದ್ದೆ," ಎಂದೆ.

"ಗಾಡಿಗೂ ಅದೇ ಯೋಚನೆ ಬಂದಿರಬೇಕು," ಎಂದು ಹೆಂಡತಿ ಪಾತ್ರೆ, ಟಬ್ಬು, ಮೆಕ್ಕೆಜೋಳದ ಹಿಟ್ಟು ಇಳಿಸತೊಡಗಿದಳು.

ಅತ್ತೆ ಮಾತ್ರ ದಿಬ್ಬವನ್ನೇ ನೋಡುತ್ತಿದ್ದರು. "ನಮ್ಮಜ್ಜ ಹೇಳ್ತಿದ್ರು, ಈ ದಿಬ್ಬ ಏನನ್ನಾದ್ರೂ ನುಂಗಿದ್ರೆ ತೇಗುತ್ತಂತೆ."

ನನ್ನ ಹನ್ನೊಂದು ವರ್ಷದ ಮಗಳು ಅನ್ಸೆಲ್ಮಾ ನನ್ನ ಹತ್ತಿರಕ್ಕೆ ಸರಿದಳು. ನಾನು ನಕ್ಕೆ.

ಮಧ್ಯಾಹ್ನ ಇಳಿಯುತ್ತಿದ್ದಂತೆ ಪೂರ್ವದ ಬಿಸಿಗಾಳಿ ಎದ್ದಿತು. ದಿಬ್ಬದ ಅಂಚಿನಿಂದ ಮರಳು ಹೊಗೆಯಂತೆ ಹೊರಟಿತು. ಸೂರ್ಯ ತೆಳುಬಟ್ಟೆಯ ಹಿಂದೆ ಹಿಡಿದ ದೀಪದಂತಾದ. ಒಂದು ಹಕ್ಕಿಯ ಸದ್ದೂ ಇಲ್ಲ. ನಾನು ಡೇರೆಯೊಳಗೆ ಸಿಕ್ಕಿಹಾಕಿಕೊಂಡು, ಬಾಗಿಲು ಎಲ್ಲಿದೆಯೆಂದು ಹುಡುಕುತ್ತಿದ್ದೆ. ಆಗ ಆ ಸದ್ದು ಬಂತು.

ಮೊದಲು ಅಂಗಾಲಿಗೆ ತಿಳಿಯಿತು, ಆಮೇಲೆ ಕಿವಿಗೆ. ಚರ್ಚಿನ ಹಾರ್ಮೋನಿಯಂನ ದಪ್ಪ ಸ್ವರವೊಂದನ್ನು ಯಾರೋ ಒತ್ತಿ ಹಿಡಿದ ಹಾಗೆ. ಹಲ್ಲುಗಳು ಸಣ್ಣಗೆ ಕಂಪಿಸಿದವು.

"ವಿಮಾನ," ಎಂದೆ ಡೇರೆಯೊಳಗಿನಿಂದ.

"ಆಕಾಶದಲ್ಲಿ ಏನೂ ಇಲ್ಲ," ಎಂದಳು ಲುಕ್ರೇಷಿಯಾ. ಸದ್ದು ನಿಂತಿತು. ಒಂದು ಕ್ಷಣ ಬಿಟ್ಟು ಅವಳ ದನಿ ಬದಲಾಯಿತು. "ಹಿಸ್ಕಿಯಾ, ಅಮ್ಮ ಎಲ್ಲಿ?"

ಡೇರೆ ಹರಿದುಕೊಂಡೇ ಹೊರಬಂದೆ. ಅತ್ತೆ ಕುಳಿತಿದ್ದ ಕಂಬಳಿ ಖಾಲಿ. ಅದರಿಂದ ಹೊರಟ ಹೆಜ್ಜೆಗಳು ನೇರ ದಿಬ್ಬ ಹತ್ತಿದ್ದವು. ಗಾಳಿ ಅವನ್ನು ನಮ್ಮ ಕಣ್ಣೆದುರೇ ಅಳಿಸುತ್ತಿತ್ತು. ಮೂವರೂ ಓಡಿದೆವು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುವ ಓಟ. ಲುಕ್ರೇಷಿಯಾ ಅಮ್ಮನನ್ನು ಕೂಗುತ್ತಲೇ ಇದ್ದಳು. ಬಾಯಿ ತೆರೆದಾಗೆಲ್ಲ ಮರಳು.

ತುದಿಯಲ್ಲಿ ಅತ್ತೆಯ ತಲೆವಸ್ತ್ರ ಬಿದ್ದಿತ್ತು. ಅರ್ಧ ಹೂತು, ಇನ್ನರ್ಧ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಅಪ್ಪ, ಅಜ್ಜಿ ಹೆಜ್ಜೆ ಇಲ್ಲಿಗೇ ಮುಗ್ದುಹೋಗಿದೆ," ಎಂದಳು ಅನ್ಸೆಲ್ಮಾ.

ನಿಜ. ಮುಂದೆ ಹೆಜ್ಜೆಯೇ ಇಲ್ಲ. ಅಲ್ಲಿಂದ ಆಚೆಯ ಕಡಿದಾದ ಇಳಿಜಾರಿನಲ್ಲಿ ಅಗಲವಾದ ನುಣುಪು ಗುರುತೊಂದು, ಭಾರಿ ಹಾವೊಂದು ಹರಿದಂತೆ ಕೆಳಗಿನ ಧೂಳಿನಲ್ಲಿ ಮಾಯವಾಗಿತ್ತು. ತಳ ಕಾಣುತ್ತಿರಲಿಲ್ಲ. ಹೆಂಡತಿ ನನ್ನ ತೋಳು ಹಿಡಿದಳು. ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

"ಇಬ್ಬರೂ ಇಲ್ಲೇ ಇರಿ," ಎಂದು ಕಾಲು ಕೆಳಗಿಟ್ಟೆ.

ಮರಳು ಇಡಿಯಾಗಿ ಜಾರಿತು. ನಾನೂ ಅದರೊಂದಿಗೆ. ನನ್ನ ಕೆಳಗಿನಿಂದ, ಪಕ್ಕದಿಂದ, ನನ್ನ ಎದೆಗೂಡಿನೊಳಗಿಂದಲೇ ಆ ಹೂಂಕಾರ ಎದ್ದಿತು. ತೇಗು! ಅತ್ತೆಯಾಯಿತು, ಈಗ ಅಳಿಯ. ಸೊಂಟದವರೆಗೆ ಹೂತು ನಿಂತಾಗ ಸುತ್ತಲೂ ಕೆಂಪು ಧೂಳು ಬಿಟ್ಟರೆ ಏನೂ ಇರಲಿಲ್ಲ. ಕಣ್ಣು ಮುಚ್ಚಿ ಕೂಗಿಕೊಂಡೆ.

"ದೇವರೇ, ಅತ್ತೇನ ವಾಪಸ್ ಕೊಟ್ಬಿಡು. ಇನ್ನು ಅವರನ್ನ ಮೂಲೇಲಿ ಕೂರಿಸಲ್ಲ. ಅವರ ಮಾತು ಮೀರಲ್ಲ."

ಧೂಳಿನ ಆಳದಿಂದ ಅತ್ತೆಯದೇ ದನಿ ನಿಧಾನವಾಗಿ ಬಂತು. "ಇನ್ನೇನು?"

ನನ್ನ ಮೈಯ ಕೂದಲೆಲ್ಲ ನೆಟ್ಟಗಾಯಿತು. ಸತ್ತವರು ಕೇಳಿದರೆ ಉತ್ತರ ಕೊಡದೆ ಇರಲಾಗುತ್ತದೆಯೇ?

"ಗಾಡಿಯ ಮುಂದಿನ ಸೀಟು ನಿಮಗೇ, ಅತ್ತೆ."

"ಇನ್ನು?"

"ಪ್ರತಿ ತಿಂಗಳೂ ನದಿ ಹತ್ರ, ನಿಮ್ಮೂರಿಗೆ ಕರ್ಕೊಂಡು ಹೋಗ್ತೀನಿ. ಆಣೆ."

ಗಾಳಿ ಸ್ವಲ್ಪ ಬಿಟ್ಟಿತು. ಧೂಳು ಚದುರಿತು. ಕೆಳಗೆ, ಹತ್ತು ಮಾರು ದೂರದಲ್ಲಿ, ಪಾತ್ರೆ ತೊಳೆಯುವ ನಮ್ಮ ಕೆಂಪು ಟಬ್ಬಿನೊಳಗೆ, ಬಣ್ಣದ ತೇಪೆಯ ಲಂಗವನ್ನು ಮೊಣಕಾಲಿಗೆ ಸುತ್ತಿಕೊಂಡು ಅತ್ತೆ ಕುಳಿತಿದ್ದರು. ನೆರೆತ ಕೂದಲು ತುಂಬ ಮರಳು. ಮುಖದಲ್ಲಿ ನಾನು ಯಾವತ್ತೂ ನೋಡಿರದ ನಗು.

ತಡವರಿಸಿಕೊಂಡು ಅವರ ಬಳಿ ಹೋದೆ. ಕಾಲು ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಅಲ್ಲೇ ಕುಸಿದು ಕೂತು, ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರಿದರು.

"ಚಿಕ್ಕೋಳಿದ್ದಾಗ ಆಡಿನ ಚರ್ಮದ ಮೇಲೆ ಕೂತು ಜಾರ್ತಿದ್ದೆ. ಮರಳು ಜಾರಿದಾಗೆಲ್ಲ ದಿಬ್ಬ ಹೀಗೇ ಹಾಡ್ತಿತ್ತು," ಎಂದರು. "ನುಂಗೋದು, ತೇಗೋದು ಎಲ್ಲ ನಮ್ಮನ್ನ ಹೆದರಿಸೋಕೆ ಅಜ್ಜ ಕಟ್ಟಿದ ಕತೆ."

"ನಾವು ಸತ್ತೇಹೋಗ್ತಿದ್ವಿ, ಅತ್ತೆ. ಮೇಲೆ ನಿಮ್ಮ ಮಗಳು ಅಳ್ತಿದಾಳೆ. ಕೂಗಿದಾಗ ಓಗೊಡಬಾರದಿತ್ತಾ?"

"ಬಾಯಿ ತುಂಬ ಮರಳಿತ್ತಪ್ಪ. ಉಗಿಯೋ ಹೊತ್ತಿಗೆ ನಿನ್ನ ಪ್ರಾರ್ಥನೆ ಶುರುವಾಗಿತ್ತು. ಅಷ್ಟು ಚೆನ್ನಾಗಿ ನಡೀತಿತ್ತು, ಹೇಗೆ ತಡೀಲಿ?"

ಮೇಲಿನಿಂದ ಲುಕ್ರೇಷಿಯಾ ಅಳುತ್ತ ನಗುತ್ತ ಏನೋ ಬೈದಳು. ಯಾರನ್ನೆಂದು ತಿಳಿಯಲಿಲ್ಲ. ನನ್ನನ್ನೇ ಇರಬೇಕು.

ಅತ್ತೆ ಎದ್ದು ನಿಂತು, ಟಬ್ಬಿನ ಮರಳು ಕೊಡವಿ, ಅದನ್ನು ನನ್ನ ತಲೆಯ ಮೇಲೆ ಮೆಲ್ಲಗೆ ಮಗುಚಿಟ್ಟರು.

"ನಡಿ ಅಳಿಯಾ, ಕೈ ಕೊಡು. ಹೊತ್ತು ಮುಳುಗೋದ್ರೊಳಗೆ ಇನ್ನೊಂದು ಸಲ ಜಾರ್ಬೇಕು."

"ಅತ್ತೆ, ಇಷ್ಟೆಲ್ಲ ಆದ ಮೇಲೂ..."

"ಮಾತು ಮೀರಲ್ಲ ಅಂದಿದ್ದು ಯಾರಿಗೆ, ನನಗಾ ದೇವರಿಗಾ?"

ಟಬ್ಬಿನೊಳಗಿನಿಂದಲೇ, "ಇಬ್ಬರಿಗೂ," ಎಂದು ದಿಬ್ಬ ಹತ್ತತೊಡಗಿದೆ.